ಅಮ್ಮನ ಕೈಬರಹ, ಕಂಪ್ಯೂಟರ್‌ನ ಗೆರೆ

ಯಂತ್ರ ಚಿತ್ರ ಬರೆದರೆ ಅದು ಕಲೆಯಾ? ಎಐ ಬಂದ ಮೇಲೆ ಈ ಪ್ರಶ್ನೆ ದಿನಾ ಕಿವಿಗೆ ಬೀಳ್ತಿದೆ. ಆದರೆ ಪ್ಯಾರಿಸ್‌ನಲ್ಲಿ ಐವತ್ತು ವರ್ಷಗಳ ಹಿಂದೆಯೇ ಈ ಪ್ರಶ್ನೆ ಎದುರಿಸಿದ ಒಬ್ಬ ಕಲಾವಿದೆ ಇದ್ದರು, ವೆರಾ ಮೊಲ್ನಾರ್. ಇವತ್ತು ಅವರ ಕಥೆ ಹೇಳ್ತೀನಿ.

ವೆರಾ ಹುಟ್ಟಿದ್ದು 1924ರ ಜನವರಿಯಲ್ಲಿ, ಹಂಗೇರಿಯ ಬುಡಾಪೆಸ್ಟ್‌ನಲ್ಲಿ. ಚಿಕ್ಕವಳಿದ್ದಾಗ, ಹವ್ಯಾಸಕ್ಕೆ ಚಿತ್ರ ಬರೆಯುತ್ತಿದ್ದ ಬಂಧುವೊಬ್ಬರು ಪಾಸ್ಟೆಲ್ ಬಣ್ಣದ ಡಬ್ಬಿ ಕೊಟ್ಟರು. ಬಾಲಟಾನ್ ಸರೋವರದ ದಡದಲ್ಲಿ ಹುಡುಗಿ ದಿನಾ ಸೂರ್ಯಾಸ್ತ ಬರೆಯೋಳು. ದಿನಾ ಅವೇ ಬಣ್ಣ ಹಚ್ಚಿದರೆ ಬೇಗ ಮುಗಿದುಹೋಗುತ್ತಲ್ಲ? ಅದಕ್ಕೆ ತಾನೇ ಒಂದು ನಿಯಮ ಮಾಡಿಕೊಂಡಳು: ಮಾರನೇ ದಿನ ಡಬ್ಬಿಯಲ್ಲಿ ಅದರ ಪಕ್ಕದ ಬಣ್ಣ. ಈ ನಿಯಮವನ್ನು ನೆನಪಿಟ್ಟುಕೊಳ್ಳಿ.

ಬುಡಾಪೆಸ್ಟ್‌ನಲ್ಲಿ ಚಿತ್ರಕಲೆ ಓದಿ, 1947ರಲ್ಲಿ ಪ್ಯಾರಿಸ್‌ಗೆ ಬಂದರು. ಅಮ್ಮ ಹಂಗೇರಿಯಲ್ಲೇ ಉಳಿದರು. ವೆರಾ ಬರೆಯುತ್ತಿದ್ದುದು ಚೌಕ, ಗೆರೆ, ವೃತ್ತ, ಅಷ್ಟೇ. ಆದರೆ ಒಂದು ಅನುಮಾನ ಅವರನ್ನು ಬಿಡಲಿಲ್ಲ. ಕೈ ತನಗೆ ಅಭ್ಯಾಸವಾದದ್ದನ್ನೇ ಮತ್ತೆ ಮತ್ತೆ ಬರೆಯುತ್ತದೆ. ಅಭ್ಯಾಸದ ಆಚೆ ಇರೋದನ್ನು ನೋಡೋದು ಹೇಗೆ?

1959ರ ಹೊತ್ತಿಗೆ ಅವರು ಒಂದು ದಾರಿ ಹುಡುಕಿದರು. ಅದಕ್ಕೆ 'ಕಲ್ಪನೆಯ ಯಂತ್ರ' ಅಂತ ಹೆಸರಿಟ್ಟರು. ಯಂತ್ರ ಇರಲಿಲ್ಲ, ಇದ್ದದ್ದು ಕಾಗದ, ಪೆನ್ಸಿಲ್ ಮಾತ್ರ. ಮೊದಲು ಒಂದಿಷ್ಟು ನಿಯಮ ಬರೆದುಕೊಳ್ಳೋದು, ಆಮೇಲೆ ಆ ನಿಯಮದಿಂದ ಹುಟ್ಟುವ ಒಂದೊಂದು ಸಾಧ್ಯತೆಯನ್ನೂ ಕೈಯಲ್ಲೇ ಬಿಡಿಸೋದು. ಅಂದ್ರೆ, ಕಂಪ್ಯೂಟರ್ ಸಿಗುವ ಮೊದಲೇ ಅವರು ಪ್ರೋಗ್ರಾಂ ಬರೀತಿದ್ದರು.

1968ರಲ್ಲಿ ನಿಜವಾದ ಯಂತ್ರ ಸಿಕ್ಕಿತು. ಆಗ ಕಂಪ್ಯೂಟರ್ ಇದ್ದದ್ದು ವಿಶ್ವವಿದ್ಯಾಲಯ, ಪ್ರಯೋಗಾಲಯಗಳಲ್ಲಿ. ಕಲಾವಿದರಿಗೆ ಅಲ್ಲೇನು ಕೆಲಸ? ವೆರಾ ಕೇಳಿ ಅನುಮತಿ ಪಡೆದರು. 44ನೇ ವಯಸ್ಸಿನಲ್ಲಿ ಫೋರ್ಟ್ರಾನ್ ಕಲಿತರು. ಮೊದಮೊದಲು ಪರದೆಯೂ ಇರಲಿಲ್ಲ. ಪಂಚ್ ಕಾರ್ಡ್‌ನಲ್ಲಿ ಸೂಚನೆ ಕೊಟ್ಟು, ಪ್ಲಾಟರ್‌ನ ಪೆನ್ನು ಕಾಗದದ ಮೇಲೆ ಏನು ಬರೆದು ಕೊಡುತ್ತದೋ ಅಂತ ಕಾಯಬೇಕು. ಕತ್ತಲಲ್ಲಿ ಚಿತ್ರ ಬರೆದ ಹಾಗೆ!

ಆ ಕಾಲದ 'ಇಂಟರಪ್ಶನ್ಸ್' ಸರಣಿ ನೋಡಿ. ಸಾಲಾಗಿ ನಿಂತ ಸಣ್ಣ ಗೆರೆಗಳು, ಒಂದೊಂದೂ ಒಂದೊಂದು ಕಡೆ ವಾಲಿವೆ. ನಡುನಡುವೆ ಕೆಲವನ್ನು ಅಳಿಸಿದ್ದರಿಂದ ಖಾಲಿ ಜಾಗಗಳು. ನನಗೆ ಅದು ಗಾಳಿಗೆ ಮಲಗಿದ ಹುಲ್ಲಿನ ಹಾಗೆ ಕಾಣುತ್ತೆ. ವೆರಾ ಹಟ ಹಿಡಿದಿದ್ದು ಇದಕ್ಕೇ: ಶಿಸ್ತಿನೊಳಗೆ ಚೂರೇ ಚೂರು ಅಶಿಸ್ತು. ಅವರ ಒಂದು ಕೃತಿಯ ಹೆಸರೇ 'ಶೇಕಡಾ 1ರಷ್ಟು ಅವ್ಯವಸ್ಥೆ'.

ಕಲೆಯಿಂದ ಮನುಷ್ಯನನ್ನೇ ಹೊರಗೆ ಹಾಕಿದರು ಅಂತ ಅವರ ಮೇಲೆ ಆಕ್ಷೇಪ ಬಂತು. ಮೊದಲ ಏಕವ್ಯಕ್ತಿ ಪ್ರದರ್ಶನ ನಡೆದಾಗ ಅವರಿಗೆ 52 ವರ್ಷ.

ಆ ಆಕ್ಷೇಪಕ್ಕೆ ನನಗೆ ಉತ್ತರ ಸಿಕ್ಕಿದ್ದು 1980ರ ದಶಕದ 'ಅಮ್ಮನ ಪತ್ರಗಳು' ಸರಣಿಯಲ್ಲಿ. ಅಮ್ಮ ಬುಡಾಪೆಸ್ಟ್‌ನಿಂದ ವಾರಕ್ಕೊಂದು ಪತ್ರ ಬರೆಯುತ್ತಿದ್ದರು. ಪ್ರತಿ ಸಾಲಿನ ಆರಂಭದಲ್ಲಿ ಅಕ್ಷರ ಶಿಸ್ತಾಗಿ, ನೆಟ್ಟಗೆ; ಕೊನೆಗೆ ಬರುವಷ್ಟರಲ್ಲಿ ಅಂಕುಡೊಂಕು. ವಯಸ್ಸಾದಂತೆ ಆ ಅಂಕುಡೊಂಕು ಇಡೀ ಹಾಳೆಗೆ ಹರಡಿತು. ಓದೋಕಾಗದಿದ್ದರೂ ನೋಡೋಕೆ ಚೆಂದ. ಆಮೇಲೆ ಒಂದು ದಿನ ಪತ್ರ ಬರುವುದು ನಿಂತಿತು. ಆಗ ಮಗಳು ಏನು ಮಾಡಿದರು ಗೊತ್ತಾ? ಆ ಕೈಬರಹದ ಲಯವನ್ನೇ ಪ್ರೋಗ್ರಾಂ ಮಾಡಿ, ಅಮ್ಮನ ಪತ್ರಗಳನ್ನು ತಾವೇ ತಮಗಾಗಿ ಬರೆದುಕೊಳ್ಳತೊಡಗಿದರು. ಅದರಲ್ಲಿ ಒಂದು ಪದವೂ ಇಲ್ಲ. ಬರೀ ಗೆರೆ.

ನಾನು ಹಾಸ್ಟೆಲ್‌ನಲ್ಲಿದ್ದಾಗ ಅಮ್ಮ ಬರೆದ ಇನ್‌ಲ್ಯಾಂಡ್ ಪತ್ರಗಳು ಇನ್ನೂ ನನ್ನ ಬೀರುವಿನಲ್ಲಿವೆ. ವೆರಾ ಅವರ ಈ ಚಿತ್ರಗಳನ್ನು ನೋಡಿದ ಮೇಲೆ ಅವನ್ನು ತೆಗೆದು ಬಿಡಿಸಿದೆ. ಈ ಸಲ ಓದಲಿಲ್ಲ, ಅಕ್ಷರಗಳನ್ನು ಬರೀ ನೋಡಿದೆ.

2022ರ ವೆನಿಸ್ ಬಿಯೆನಾಲೆಯಲ್ಲಿ ವೆರಾ ಅವರ ಕೃತಿಗಳಿದ್ದವು. ಆಗ ಅವರಿಗೆ 98. ಮರುವರ್ಷ ಡಿಸೆಂಬರ್ 7ರಂದು, ನೂರು ತುಂಬಲು ಒಂದು ತಿಂಗಳಿದ್ದಾಗ, ಪ್ಯಾರಿಸ್‌ನಲ್ಲಿ ತೀರಿಕೊಂಡರು.

ಯಂತ್ರ ಬರೆದದ್ದು ಕಲೆಯಾ ಅಂತ ಕೇಳೋದಕ್ಕಿಂತ, ಆ ನಿಯಮ ಬರೆದವರು ಯಾರು, ಯಾಕೆ ಬರೆದರು ಅಂತ ಕೇಳೋಣ. ಅಂದು ಬಣ್ಣ ಉಳಿಸೋಕೆ ಒಂದು ನಿಯಮ ಬೇಕಿತ್ತು. ಕೊನೆಗೆ ಅಮ್ಮನನ್ನು ಉಳಿಸಿಕೊಳ್ಳೋಕೆ.