ಕೊಪಣನಾಡಿನ ಪೂರ್ತಕರ್ಮಗಳು

ಧರ್ಮಶಾಸ್ತ್ರಕಾರರು ಗೃಹಸ್ಥನ ಸತ್ಕರ್ಮಗಳನ್ನು ಇಷ್ಟವೆಂದೂ ಪೂರ್ತವೆಂದೂ ಎರಡಾಗಿ ವಿಭಾಗಿಸಿರುವರು. ಯಜ್ಞಾದಿಗಳು ಇಷ್ಟ, ಬಾವಿ, ಕೆರೆ, ದೇವಾಲಯ, ಅನ್ನಸತ್ರ, ತೋಪು ಮೊದಲಾದವನ್ನು ಲೋಕೋಪಕಾರಾರ್ಥವಾಗಿ ಮಾಡಿಸುವುದು ಪೂರ್ತ. ಇಷ್ಟದ ಫಲವು ಕರ್ತೃವಿಗೆ. ಪೂರ್ತದ ಪ್ರಯೋಜನವಾದರೋ ಕರ್ತೃವು ಕಂಡರಿಯದ ಜನರಿಗೆ. ಈಚೆಗೆ ಅರ್ಥಶಾಸ್ತ್ರಜ್ಞರು 'ಸಾಮಾಜಿಕ ಉದ್ಯಮಶೀಲತೆ' ಎಂಬ ಹೆಸರಿನಿಂದ ಚರ್ಚಿಸುವ ವಿಷಯವು, ಎಂದರೆ ಲೋಕದ ಕೊರತೆಯೊಂದನ್ನು ನೀಗಲು ಬಂಡವಾಳವನ್ನು ಹೂಡಿ ಆ ಕಾರ್ಯವು ತನ್ನ ಆದಾಯದಿಂದಲೇ ನಡೆಯುವಂತೆ ಏರ್ಪಡಿಸುವುದು, ಈ ಪೂರ್ತಕ್ಕೆ ಬಹು ಸಮೀಪವಾದುದು. ಎರಡೂ ಒಂದೇ ಎನ್ನಲಾಗದು. ಪೂರ್ತದಲ್ಲಿ ಪುಣ್ಯಾಪೇಕ್ಷೆಯುಂಟು, ಕೀರ್ತಿಯ ಆಸೆಯೂ ಉಂಟು. ಆದರೆ ಕರ್ತೃವು ಅಳಿದಮೇಲೆ ಕಾರ್ಯವನ್ನು ನಡೆಯಿಸುವವರಾರು ಎಂಬ ಪ್ರಶ್ನೆಯು ಎರಡಕ್ಕೂ ಸಮಾನವಾದುದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪ್ರಾಂತದ ಇತಿಹಾಸವು ಈ ಪ್ರಶ್ನೆಗೆ ಕೊಡುವ ಉತ್ತರವು ಪರಿಶೀಲನಾರ್ಹವಾಗಿದೆ.

ಈ ನಾಡಿನ ನೆಲವು ಎರಡು ತೆರನಾದುದು. ತೆಂಕಣ ಅಂಚಿನಲ್ಲಿ ತುಂಗಭದ್ರೆಯೂ ಅದರ ನೀರುಂಡ ಗಂಗಾವತಿಯ ಗದ್ದೆಗಳೂ. ಬಡಗಣ ದಿಕ್ಕಿನಲ್ಲಿ ಮಳೆಯನ್ನೇ ನಂಬಿದ ಕುಷ್ಟಗಿಯ ಬಯಲು, ಸಿಂದರ ರಾಜಧಾನಿ ಎರಂಬರಗೆಯಾಗಿದ್ದ ಇಂದಿನ ಯಲಬುರ್ಗಾದ ಬಯಲು. ನಡುವಣ ಕೊಪ್ಪಳವು ಕವಿರಾಜಮಾರ್ಗಕಾರನು ತಿರುಳ್ಗನ್ನಡದ ಸೀಮೆಗೆ ಎಲ್ಲೆಯಾಗಿ ಹೇಳಿದ ಊರುಗಳಲ್ಲೊಂದೆಂಬುದು ಸಾಹಿತ್ಯಾಭ್ಯಾಸಿಗಳಿಗೆಲ್ಲ ವಿದಿತವಾಗಿದೆ. ಆ ಕೊಪಣವು ಜೈನರ ಮಹಾತೀರ್ಥವೂ ಆಗಿದ್ದಿತು.

ಶ್ರವಣಬೆಳಗೊಳದಲ್ಲಿ ಭಂಡಾರಿ ಬಸದಿಯನ್ನು ೧೧೫೯ರಲ್ಲಿ ಕಟ್ಟಿಸಿದ ಹುಳ್ಳನು ಹೊಯ್ಸಳ ನರಸಿಂಹನ ಭಂಡಾರಿ. ಅವನು ಕೊಪಣದಲ್ಲಿ ಮಾಡಿದ ಕಾರ್ಯವೊಂದನ್ನು ಬೆಳಗೊಳದ ಶಾಸನವು ತಿಳಿಸುತ್ತದೆ. ಅಲ್ಲಿಯ ಜಿನಮುನಿಗಳ ಸಂಘಕ್ಕೆ ದಾನವು ಚಿಂತೆಯಿಲ್ಲದೆ ಅಕ್ಷಯವಾಗಿ ಸಲ್ಲುವಂತೆ, ಅವನು ಆ ಕ್ಷೇತ್ರದ ಒಡೆಯರಿಗೆ ಬಹಳ ಹೊನ್ನನ್ನು ಕೊಟ್ಟು ವೃತ್ತಿಯನ್ನು ಕಲ್ಪಿಸಿದನು. ಈ ಕ್ರಮವು ಗಮನಿಸತಕ್ಕದ್ದು. ಹೊನ್ನನ್ನು ಸಂಘಕ್ಕೇ ಒಪ್ಪಿಸಿದ್ದರೆ ದಾನವೇನೋ ಆಗುತ್ತಿತ್ತು, ಕೆಲವೇ ವರ್ಷಗಳಲ್ಲಿ ಹೊನ್ನೂ ತೀರುತ್ತಿತ್ತು. ಹುಳ್ಳನು ಹೊನ್ನನ್ನು ನೆಲವನ್ನಾಗಿ ಮಾರ್ಪಡಿಸಿದನು. ನೆಲದ ಮೂಲವು ಕರಗದೆ ಅದರ ಬೆಳೆ ಮಾತ್ರ ವೆಚ್ಚವಾಗತಕ್ಕುದು. ಆ ಕಾಲದಲ್ಲಿ ಕೊಪಣವು ಹೊಯ್ಸಳರ ಆಳ್ವಿಕೆಗೆ ಸೇರಿದ್ದ ಊರಲ್ಲ. ಆದುದರಿಂದ ರಾಜಾಜ್ಞೆಯಿಂದ ಭೂಮಿಯನ್ನು ಬಿಡಿಸಿಕೊಡುವ ಸುಲಭಮಾರ್ಗವು ಅವನಿಗಿರಲಿಲ್ಲವೆಂದೂ, ಕ್ರಯದ ಮಾರ್ಗವನ್ನು ಹಿಡಿದದ್ದು ಅದರಿಂದಲೇ ಎಂದೂ ಊಹಿಸಲು ಅವಕಾಶವಿದೆ. ಕಾರಣವೇನೇ ಇರಲಿ, ಒಬ್ಬ ಭಂಡಾರಿಯ ಲೆಕ್ಕದ ಬುದ್ಧಿಯು ಇಲ್ಲಿ ಧರ್ಮಬುದ್ಧಿಗೆ ನೆರವಾಗಿದೆ.

ಕೆರೆಗಳ ವಿಷಯದಲ್ಲಿ ನಮ್ಮ ಪೂರ್ವಿಕರು ಇದಕ್ಕಿಂತಲೂ ಸೂಕ್ಷ್ಮವಾದ ಏರ್ಪಾಡನ್ನು ಕಂಡುಕೊಂಡಿದ್ದರು. ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಶಬ್ದಗಳನ್ನು ಕೇವಲ ದಾನದ ಹೆಸರುಗಳೆಂದು ಓದಿ ಮುಂದೆ ಹೋಗುವ ವಾಡಿಕೆಯುಂಟು, ಅದು ಸಾಲದು. ಬಿತ್ತುವಟ್ಟವೆಂದರೆ ಕೆರೆಯ ನೀರಿನಿಂದ ಬೆಳೆಯುವ ನೆಲದಲ್ಲಿ ಅಥವಾ ಫಲದಲ್ಲಿ ಆ ಕೆರೆಯ ರಕ್ಷಣೆಗೆಂದೇ ತೆಗೆದಿಟ್ಟ ಭಾಗ. ಕಟ್ಟುಕೊಡಗೆಯೆಂದರೆ ಕೆರೆಯನ್ನು ಕಟ್ಟಿದವನಿಗೋ ಕಾಪಾಡುವವನಿಗೋ ಬಿಟ್ಟ ಮಾನ್ಯ. ಏರಿ ಒಡೆದು ನೀರು ನಿಲ್ಲದಿದ್ದರೆ ಆ ಭಾಗವೂ ಬೆಳೆಯದು, ಮಾನ್ಯವೂ ಬರಡಾಗುವುದು. ಹೀಗೆ ಕಾಯುವವನ ಹೊಟ್ಟೆಯನ್ನೇ ಕೆರೆಯ ಏರಿಗೆ ಕಟ್ಟಿಹಾಕಿದರು. ದಾತೃವಿನ ಔದಾರ್ಯಕ್ಕಿಂತ ಈ ಕಟ್ಟೇ ಕೆರೆಗಳ ಆಯುಸ್ಸಿಗೆ ಕಾರಣವೆನ್ನಬೇಕು. ವಿಜಯನಗರದ ಕಾಲದಲ್ಲಿ ತಿರುಪತಿಯ ದೇವಾಲಯವೂ ಭಕ್ತರು ಸಲ್ಲಿಸಿದ ಹಣವನ್ನು ದೇವರ ಗ್ರಾಮಗಳ ಕಾಲುವೆ ಕೆರೆಗಳಿಗೆ ಹಾಕಿ, ಹೆಚ್ಚಿದ ಬೆಳೆಯಿಂದ ನೈವೇದ್ಯವನ್ನು ನಡೆಯಿಸುತ್ತಿದ್ದಿತು.

ಅದೇ ಕಾಲದ ಅಣೆಕಟ್ಟುಗಳು ತುಂಗಭದ್ರೆಯ ಎಡದಂಡೆಯಲ್ಲಿ ಈ ನಾಡಿಗೂ ನೀರು ತಂದುವು. ಹುಲಿಗಿ, ಶಿವಪುರ, ಆನೆಗೊಂದಿ, ಮೇಲಣ ಗಂಗಾವತಿ, ಕೆಳಗಣ ಗಂಗಾವತಿ ಎಂಬ ಕಾಲುವೆಗಳು ಇಂದಿಗೂ ಹರಿಯುತ್ತಿವೆ. ೧೫೬೫ರಲ್ಲಿ ರಾಜಧಾನಿಯು ಹಾಳಾಯಿತು, ಸಾಮ್ರಾಜ್ಯವು ಅಳಿಯಿತು, ನಾಡು ಹಲವರ ಕೈಸೇರಿ ಕಡೆಗೆ ನಿಜಾಮರ ಸಂಸ್ಥಾನದಲ್ಲಿ ಸೇರಿತು. ಕಾಲುವೆಯ ನೀರು ಮಾತ್ರ ಗದ್ದೆಗೆ ಹರಿಯುತ್ತಲೇ ಇದ್ದಿತು. ೧೯೪೫ರಲ್ಲಿ ಮೊದಲಾದ ತುಂಗಭದ್ರೆಯ ಮಹಾಬಂಧವು ಆ ಹಳೆಯ ಪಾತ್ರಗಳನ್ನು ಬಿಡಿಸಿಹಾಕಲಿಲ್ಲ.

ಇದಕ್ಕೆ ಪ್ರತಿಯಾಗಿ ಇಟಗಿಯ ಮಹಾದೇವಾಲಯವನ್ನು ನೋಡಬಹುದು. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ೧೧೧೨ರಲ್ಲಿ ಇದನ್ನು ಕಟ್ಟಿಸಿದನು. ದೇವಾಲಯಗಳಲ್ಲಿ ಚಕ್ರವರ್ತಿಯೆಂದು ಅಲ್ಲಿಯ ಶಾಸನವು ಇದನ್ನು ಕೊಂಡಾಡುತ್ತದೆ. ಶಿಲ್ಪವನ್ನು ಕಂಡವರು ಆ ಮಾತನ್ನು ಅತಿಶಯವೆನ್ನಲಾರರು. ಈಗ ಅದರ ರಕ್ಷಣೆಯ ಭಾರವು ಪುರಾತತ್ತ್ವ ಇಲಾಖೆಯದು. ಅದೇ ದಿನಗಳ ಎಷ್ಟೋ ದೇಗುಲಗಳಿಗೆ ಅಂಥ ಆಶ್ರಯವೂ ದೊರೆಯಲಿಲ್ಲ.

ಸಾಲದ ಕಷ್ಟಕ್ಕೆ ಪರಿಹಾರವು ಪಕ್ಕದ ನಾಡಿನಲ್ಲಿ ಬೇರೆ ರೂಪದಿಂದ ಹುಟ್ಟಿತು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ೧೯೦೫ರಲ್ಲಿ ಕೃಷಿಪತ್ತಿನ ಸಹಕಾರ ಸಂಘವು ಸ್ಥಾಪಿತವಾಯಿತು; ಭಾರತದಲ್ಲಿ ಇದೇ ಮೊದಲನೆಯದೆಂದು ಪ್ರಸಿದ್ಧಿ. ಇಲ್ಲಿ ದಾತೃವೂ ಪ್ರತಿಗ್ರಾಹಿಯೂ ಬೇರೆಯಲ್ಲ. ಮೂಲಧನವು ರೈತರದೇ, ಸಾಲವೂ ಅವರಿಗೇ. ಕೊಪ್ಪಳವು ಆಗ ನಿಜಾಮರ ಸೀಮೆಯಲ್ಲಿ ಸಾಲಾರಜಂಗರ ಜಹಗೀರಾಗಿದ್ದುದರಿಂದ, ಹತ್ತಿರವೇ ಇದ್ದರೂ ಮುಂಬಯಿ ಪ್ರಾಂತದ ಆ ಊರಿನ ಕಾನೂನು ಇಲ್ಲಿಗೆ ಸಲ್ಲುವಂತಿರಲಿಲ್ಲ.

ಈಚಿನ ಪ್ರಯತ್ನಗಳಲ್ಲಿ ಎರಡು ಉಲ್ಲೇಖಾರ್ಹವಾಗಿವೆ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯಲ್ಲಿ ೧೯೯೭ರಲ್ಲಿ ಸ್ಥಾಪಿತವಾದ ಕಿಷ್ಕಿಂಧಾ ಟ್ರಸ್ಟು ಬಾಳೆಯ ನಾರಿನಿಂದ ಬುಟ್ಟಿ ಚಾಪೆಗಳನ್ನು ಮಾಡುವ ಕಸುಬನ್ನು ಊರಿನ ಹೆಂಗಸರಿಗೆ ಕಲಿಸಿತು. ಗೊನೆ ಕಡಿದಮೇಲೆ ಬಿಸುಡುವ ದಿಂಡೇ ಇದರ ಮೂಲದ್ರವ್ಯ. ಆ ಬಾಳೆಯನ್ನು ಬೆಳೆಸಿದುದು ವಿಜಯನಗರದ ಕಾಲುವೆಯ ನೀರು.

ಇನ್ನೊಂದು ಹಿರೇಹಳ್ಳದ ಪುನರುಜ್ಜೀವನ. ಹೂಳೂ ಮುಳ್ಳುಗಂಟಿಯೂ ತುಂಬಿ ಹೋಗಿದ್ದ ಈ ಹಳ್ಳವನ್ನು ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ೨೦೧೯ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ಮುಂದೆ ನಿಂತು ಶುದ್ಧಿಗೊಳಿಸಿದರು. ಜನರು ಹಣವನ್ನೂ ದುಡಿಮೆಯನ್ನೂ ಕೊಟ್ಟರು. ಮಠವು ಅಷ್ಟು ಜನರನ್ನು ಕರೆದು ಕೂಡಿಸಬಲ್ಲುದಾದದ್ದಕ್ಕೆ ಕಾರಣವನ್ನು ಅಲ್ಲಿಯ ಜಾತ್ರೆಯಲ್ಲಿ ಹುಡುಕಬೇಕು. ಪ್ರತಿವರ್ಷವೂ ಪುಷ್ಯಮಾಸದಲ್ಲಿ ಲಕ್ಷಾಂತರ ಜನರಿಗೆ ನಡೆಯುವ ಅಲ್ಲಿಯ ದಾಸೋಹವು ಊರೂರಿನವರ ಕೈಯಿಂದ ವರ್ಷವರ್ಷವೂ ಹೊಸದಾಗಿ ಕೂಡಿಬರುವುದು. ಮನೆಮನೆಗಳಲ್ಲಿ ಹೆಂಗಸರು ತಟ್ಟಿದ ಜೋಳದ ರೊಟ್ಟಿಯನ್ನೂ ದವಸವನ್ನೂ ಸುತ್ತಣ ಹಳ್ಳಿಗಳವರು ಬಂಡಿಗಳಲ್ಲಿ ಹೇರಿ, ಭಜನೆ ಮಾಡುತ್ತ, ಗವಿಮಠದ ಗುಡ್ಡದ ಬುಡಕ್ಕೆ ತಂದೊಪ್ಪಿಸುವರು.