ಹೇಮಂತದ ಊಟವೂ ಅದರ ಅನುಪಾನವೂ

೧

ಋತುವಿಗೆ ತಕ್ಕ ಅಡುಗೆ, ಅಡುಗೆಗೆ ತಕ್ಕ ಪಾನ, ಈ ಎರಡನ್ನೂ ಒಂದು ಶಾಸ್ತ್ರವಾಗಿ ಎಣಿಸುವುದು ಪಾಶ್ಚಾತ್ಯರಿಂದ ನಮಗೆ ಬಂದ ನಾಗರಿಕತೆಯೆಂದು ಈಚೆಗೆ ಹಲವರು ತಿಳಿದಿರುತ್ತಾರೆ. ಚಳಿಗಾಲದ ತೋಟದಲ್ಲಿ ದೊರೆಯುವ ಇಂತಹ ಕಾಯಿಪಲ್ಯಕ್ಕೆ ಇಂತಹ ದ್ರಾಕ್ಷಾಮದ್ಯವು ಒಪ್ಪುವುದೆಂದು ಬರೆಯುವವರು ಅದನ್ನು ಹೊಸ ವಿದ್ಯೆಯೆಂದೇ ಭಾವಿಸುವರು. ಇದಕ್ಕೆ ಪ್ರತಿಯಾಗಿ, ನಮ್ಮ ಪೂರ್ವಿಕರು ಮದ್ಯವನ್ನು ಕಣ್ಣೆತ್ತಿಯೂ ನೋಡಿದವರಲ್ಲವೆಂದೂ ಗ್ರಂಥಗಳಲ್ಲಿ ಬರುವ ಅಂತಹ ಮಾತುಗಳಿಗೆಲ್ಲ ಬೇರೆ ಅರ್ಥವನ್ನು ಹೇಳಬೇಕೆಂದೂ ವಾದಿಸುವವರು ಉಂಟು. ಈ ಎರಡು ಪಕ್ಷಗಳಿಗೂ ಗ್ರಂಥಾಧಾರವು ಅನುಕೂಲವಾಗಿಲ್ಲವೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಮೊದಲು ಎರಡು ಶಬ್ದಗಳನ್ನು ವಿಚಾರಿಸೋಣ. ಅನ್ನವನ್ನು ಹಿಂಬಾಲಿಸಿ ಕುಡಿಯತಕ್ಕದ್ದು ಅನುಪಾನ. ಮದ್ಯವನ್ನು ಕುಡಿಯುವಾಗ ನಡುನಡುವೆ ಕಚ್ಚಿ ತಿನ್ನತಕ್ಕದ್ದು ಉಪದಂಶ. ಇದನ್ನೇ ಹಳಗನ್ನಡದವರು ಚಕ್ಕಣವೆಂದರು. ಒಂದರಲ್ಲಿ ಅನ್ನವು ಪ್ರಧಾನ, ಪಾನವು ಅದರ ಸೇವಕ. ಇನ್ನೊಂದರಲ್ಲಿ ಪಾನವು ಪ್ರಧಾನ, ತಿನಿಸು ಅದರ ಸೇವಕ. ವೈದ್ಯರು ವಿಚಾರಿಸಿದ್ದು ಮುಖ್ಯವಾಗಿ ಮೊದಲನೆಯದನ್ನು. ಕವಿಗಳು ವರ್ಣಿಸಿದ್ದು ಎರಡನೆಯದನ್ನು. ಇವೆರಡನ್ನೂ ಒಂದೇ ಎಂದು ಬೆರಸಿಬಿಟ್ಟುದರಿಂದಲೇ ಈ ವಿಷಯದಲ್ಲಿ ಬಹಳ ಗೊಂದಲವುಂಟಾಗಿದೆ.

೨

ಚರಕಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯದಲ್ಲಿ ಋತುಚರ್ಯೆಯು ನಿರೂಪಿತವಾಗಿದೆ. ಹೇಮಂತದಲ್ಲಿ ಹೊರಗಿನ ಶೀತವು ದೇಹದ ಉಷ್ಣವನ್ನು ಹೊರಕ್ಕೆ ಹೋಗಗೊಡದೆ ಒಳಗೇ ತಡೆಯುವುದರಿಂದ ಬಲಿಷ್ಠರ ಜಠರಾಗ್ನಿಯು ಪ್ರಬಲವಾಗುತ್ತದೆ. ಅದಕ್ಕೆ ತಕ್ಕ ಗುರುವಾದ ಆಹಾರವೆಂಬ ಸೌದೆಯು ದೊರೆಯದಿದ್ದರೆ ಅದು ದೇಹದ ರಸವನ್ನೇ ದಹಿಸಿ ವಾಯುವನ್ನು ಕೆರಳಿಸುವುದು. ಆದಕಾರಣ ಸ್ನಿಗ್ಧವೂ ಹುಳಿಯೂ ಉಪ್ಪೂ ಆದ ರಸಗಳು, ನೀರಿನಲ್ಲಿಯೂ ಜವುಗುನೆಲದಲ್ಲಿಯೂ ಇರುವ ಕೊಬ್ಬಿದ ಪ್ರಾಣಿಗಳ ಮಾಂಸ, ಹಾಲಿನ ವಿಕಾರಗಳು, ಕಬ್ಬಿನ ವಿಕಾರಗಳು, ವಸೆ, ತೈಲ, ಹೊಸ ಅಕ್ಕಿಯ ಅನ್ನ, ಬಿಸಿನೀರು ಇವು ಹಿತವೆಂದು ಹೇಳಿ, ಆ ಮಾಂಸಗಳ ಮೇಲೆ ಮದಿರೆ, ಶೀಧು, ಮಧು ಇವನ್ನು ಅನುಪಾನವಾಗಿ ವಿಧಿಸಿರುತ್ತದೆ. ಶಿಶಿರಕ್ಕೂ ಪ್ರಾಯಶಃ ಇದೇ ಕ್ರಮವು.

ಅಷ್ಟಾಂಗಹೃದಯದ ಸೂತ್ರಸ್ಥಾನದ ಮೂರನೆಯ ಅಧ್ಯಾಯದಲ್ಲಿ ವಾಗ್ಭಟನು ಇದನ್ನೇ ಇನ್ನೂ ವಿಂಗಡಿಸುತ್ತಾನೆ. ಹೇಮಂತಕ್ಕೆ ಬೆಲ್ಲದಿಂದಾದ ಗೌಡ, ಹಿಟ್ಟಿನಿಂದಾದ ಸುರೆ, ಅದರ ಮೇಲಿನ ತಿಳಿಯಾದ ಅಚ್ಛಸುರೆ. ವಸಂತಕ್ಕೆ ಆಸವ, ಅರಿಷ್ಟ, ಶೀಧು, ದ್ರಾಕ್ಷಿಯ ಮಾರ್ದ್ವೀಕ, ಜೇನಿನ ಮಾಧವ. ಗ್ರೀಷ್ಮದಲ್ಲಿ ಮದ್ಯವೇ ಬೇಡ, ಕುಡಿಯಲೇಬೇಕಾದರೆ ಅತ್ಯಲ್ಪ, ಅಥವಾ ಬಹಳ ನೀರು ಬೆರಸಿದ್ದು. ಇಲ್ಲಿ ಒಂದು ಅಂಶವು ಗಮನಾರ್ಹವಾಗಿದೆ. ಹೇಮಂತದ ಊಟದಲ್ಲಿ ಗೋದಿ, ಉದ್ದು, ಕಬ್ಬು, ಹಾಲು ಇವುಗಳ ಭಕ್ಷ್ಯಗಳನ್ನೂ ಹೊಸ ಅನ್ನವನ್ನೂ ಹೇಳಿದವನು ಪಾನದಲ್ಲಿಯೂ ಬೆಲ್ಲದ ಮತ್ತು ಧಾನ್ಯದ ಮದ್ಯಗಳನ್ನೇ ಹೇಳಿದ್ದಾನೆ. ಎಲೆಯ ಮೇಲಿದ್ದ ಧಾನ್ಯವೂ ಕಬ್ಬೂ ಬಟ್ಟಲಿನಲ್ಲಿಯೂ ಇದ್ದುವು. ಅಕ್ಕಿಯು ಹೊಸದಾಗಬೇಕಾದರೂ ಮದ್ಯವು ಹಳೆಯದಾಗಿರಬೇಕು. ಹೊಸ ಮದ್ಯವು ಗುರುವೂ ದೋಷಕಾರಿಯೂ ಎಂದೂ ಹಳೆಯದು ಲಘುವೂ ದೀಪನವೂ ಎಂದೂ ಚರಕವೇ ಹೇಳುತ್ತದೆ.

೩

ಚರಕವಾಕ್ಯದಲ್ಲಿರುವ ಮಧು ಶಬ್ದಕ್ಕೆ ಜೇನೆಂದು ಅರ್ಥಮಾಡುವವರುಂಟು. ಇದು ಸಾಧುವಲ್ಲವೆಂದು ನನಗೆ ತೋರುತ್ತದೆ. ಮೊದಲನೆಯದಾಗಿ, ಮದಿರೆ, ಶೀಧು ಎಂಬ ಎರಡು ಮದ್ಯಗಳ ಸಂಗಡ ಓದಿದ ಮೂರನೆಯ ಶಬ್ದಕ್ಕೆ ಸಾಹಚರ್ಯದಿಂದ ಮದ್ಯವೆಂಬ ಅರ್ಥವೇ ಬರತಕ್ಕದ್ದು. ಎರಡನೆಯದಾಗಿ, ಚರಕವೇ ಇಪ್ಪತ್ತಾರನೆಯ ಅಧ್ಯಾಯದಲ್ಲಿ ವಿರುದ್ಧಾಹಾರಗಳನ್ನು ಎಣಿಸುವಾಗ ಜೇನನ್ನು ಕುಡಿದು ಮೇಲೆ ಬಿಸಿನೀರನ್ನು ಕುಡಿಯುವುದನ್ನೂ ಸೇರಿಸಿದೆ. ಹೇಮಂತಚರ್ಯೆಯಲ್ಲಾದರೋ ಬಿಸಿನೀರು ನಿತ್ಯಸೇವ್ಯವೆಂದು ಹೇಳಿದೆ. ಜೇನೆಂಬ ಅರ್ಥವನ್ನು ಹಿಡಿದರೆ ಒಂದೇ ಚರ್ಯೆಯಲ್ಲಿ ಪರಸ್ಪರ ವಿರುದ್ಧವಾದ ಎರಡನ್ನು ವಿಧಿಸಿದಂತಾಗುವುದು. ಮೂರನೆಯದಾಗಿ, ಕೌಟಿಲ್ಯನ ಸುರಾಧ್ಯಕ್ಷಪ್ರಕರಣದಲ್ಲಿ ದ್ರಾಕ್ಷಾರಸವೇ ಮಧುವೆಂದು ಸ್ಪಷ್ಟವಾಗಿದೆ. ಅದು ಹುಟ್ಟಿದ ದೇಶದಿಂದ ಕಾಪಿಶಾಯನ, ಹಾರಹೂರಕ ಎಂಬ ಹೆಸರುಗಳನ್ನು ಪಡೆಯುತ್ತದೆ. ಕಾಪಿಶಾಯನ ಶಬ್ದಕ್ಕೆ ಮೂಲವಾದ ಕಾಪಿಶಿಯು ಪಾಣಿನಿಸೂತ್ರದಲ್ಲಿಯೂ ಬಂದಿದೆ. ಅದು ಈಗಿನ ಕಾಬೂಲಿನ ಉತ್ತರಕ್ಕಿರುವ ಬೆಗ್ರಾಮ್ ಪ್ರದೇಶವು. ವಾಗ್ಭಟನು ದ್ರಾಕ್ಷಿಯ ಮದ್ಯವನ್ನು ವಸಂತದಲ್ಲಿ ಹೇಳಿರುವನಲ್ಲಾ ಎಂಬ ಆಕ್ಷೇಪಕ್ಕೆ, ವಸಂತದಲ್ಲಿ ಹೇಳಿದುದರಿಂದಲೇ ಹೇಮಂತದಲ್ಲಿ ನಿಷೇಧವು ಸಿದ್ಧಿಸದೆಂಬುದೇ ಸಮಾಧಾನವು.

೧೯೦೯ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಿಂದ ಪ್ರಕಟಿಸಿದ ಅರ್ಥಶಾಸ್ತ್ರದಿಂದ ಈ ವಿಷಯಕ್ಕೆ ಮತ್ತೊಂದು ಬೆಳಕು ಬಿದ್ದಿತು. ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ, ಮಧು ಎಂಬ ಆರು ಮದ್ಯಗಳನ್ನೂ ಅವುಗಳ ಯೋಗಗಳನ್ನೂ ಅದು ಹೇಳುತ್ತದೆ. ಮೇದಕಕ್ಕೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ. ಪಾನಗೃಹಗಳಲ್ಲಿ ಹಲವು ಕೋಣೆಗಳೂ ಬೇರೆ ಬೇರೆ ಶಯನಾಸನಗಳೂ ಗಂಧಮಾಲ್ಯಗಳೂ ನೀರೂ ಇರಬೇಕು. ಅವು ಆಯಾ ಋತುವಿಗೆ ಸುಖವಾಗಿರಬೇಕು ಎಂದೂ ವಿಧಿಸಿದೆ. ಋತುವಿನ ವಿಚಾರವು ವೈದ್ಯನ ಮನೆಯನ್ನು ಬಿಟ್ಟು ರಾಜಶಾಸನವನ್ನೂ ಪ್ರವೇಶಿಸಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯು ಬೇಕಿಲ್ಲ.

೪

ಇಲ್ಲಿ ಧರ್ಮಶಾಸ್ತ್ರದ ಪ್ರಶ್ನೆಯು ಏಳುತ್ತದೆ. ಗೌಡೀ, ಪೈಷ್ಟೀ, ಮಾಧ್ವೀ ಎಂಬ ಮೂರು ಬಗೆಯ ಸುರೆಯನ್ನೂ ಮನುವು ದ್ವಿಜೋತ್ತಮರಿಗೆ ನಿಷೇಧಿಸಿದ್ದಾನೆ. ವಾಗ್ಭಟನು ಹೇಮಂತಕ್ಕೆ ಹೇಳಿದವು ಇವುಗಳಲ್ಲಿ ಮೊದಲಿನ ಎರಡೇ. ಹಾಗಾದರೆ ಶಾಸ್ತ್ರಗಳಿಗೆ ಪರಸ್ಪರ ವಿರೋಧವೇ? ಅಲ್ಲ. ವೈದ್ಯಶಾಸ್ತ್ರವು ದ್ರವ್ಯದ ಗುಣವನ್ನು ಹೇಳುತ್ತದೆ; ಧರ್ಮಶಾಸ್ತ್ರವು ಅಧಿಕಾರಿಯನ್ನು ಹೇಳುತ್ತದೆ. ಗುಣವಿದ್ದ ಮಾತ್ರದಿಂದ ಅಧಿಕಾರವು ಬಾರದು. ಅಧಿಕಾರವಿಲ್ಲದ ಮಾತ್ರದಿಂದ ಗುಣವೂ ಇಲ್ಲದಂತಾಗದು. ಸುಶ್ರುತಸಂಹಿತೆಯು ಅನುಪಾನಪ್ರಕರಣದಲ್ಲಿ ಈ ಭೇದವನ್ನು ಮನಸ್ಸಿನಲ್ಲಿಟ್ಟು, ಮದ್ಯವನ್ನು ಕುಡಿಯದವರಿಗೆ ನೀರನ್ನೂ ಹಣ್ಣಿನ ಹುಳಿರಸವನ್ನೂ ವಿಧಿಸಿದೆ. ಈ ಒಂದು ವಿಧಿಯು ಅಲ್ಪವಾಗಿ ಕಂಡರೂ ಮುಂದಿನ ಚರಿತ್ರೆಯೆಲ್ಲ ಇದರಲ್ಲಿ ಅಡಗಿದೆಯೆಂದು ಹೇಳಬಹುದು. ಬಟ್ಟಲಿನಲ್ಲಿರುವ ದ್ರವ್ಯವು ಬದಲಾಗಬಹುದು. ಊಟಕ್ಕೆ ತಕ್ಕ ಪಾನವಿರಬೇಕೆಂಬ ನಿಯಮವು ಬದಲಾಗದು.

೫

ಈಗ ಕರ್ಣಾಟಕಕ್ಕೆ ಬರೋಣ. ಕಲ್ಯಾಣದ ಚಾಲುಕ್ಯಚಕ್ರವರ್ತಿಯಾದ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೩೦ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸವು, ಅಥವಾ ಅಭಿಲಷಿತಾರ್ಥಚಿಂತಾಮಣಿಯು, ಐದು ವಿಂಶತಿಗಳ ನೂರು ಅಧ್ಯಾಯಗಳುಳ್ಳ ಮಹಾಗ್ರಂಥವು. ಅದರ ಅನ್ನಭೋಗದಲ್ಲಿ ಋತುನಿಯಮವು ಸಂಕ್ಷೇಪವಾಗಿ ಬಂದಿದೆ. ವಸಂತದಲ್ಲಿ ಕಟು, ಗ್ರೀಷ್ಮದಲ್ಲಿ ಮಧುರಶೀತಲ, ವರ್ಷದಲ್ಲಿ ಕ್ಷಾರ, ಶರತ್ತಿನಲ್ಲಿ ಮಧುರ, ಹೇಮಂತದಲ್ಲಿ ಸ್ನಿಗ್ಧೋಷ್ಣ, ಶಿಶಿರದಲ್ಲಿ ಉಷ್ಣವೂ ಹುಳಿಯೂ ಆದುದು. ಉದ್ದಿನ ಹಿಟ್ಟಿನಿಂದ ಮಾಡಿ ಮೆಣಸು, ಜೀರಿಗೆ, ಇಂಗುಗಳ ಪುಡಿಯನ್ನು ಉದುರಿಸುವ ಇಡರಿಕಾ ಎಂಬ ಭಕ್ಷ್ಯವು ಈ ಪ್ರಕರಣದ್ದೇ. ವಾಗ್ಭಟನು ಹೇಮಂತಕ್ಕೆ ಹೇಳಿದ ಉದ್ದು ಇಲ್ಲಿ ರಾಜಭೋಜನವಾಗಿದೆ. ಮಾಂಸದ ಅಡುಗೆಗಳೂ ವಿಪುಲವಾಗಿವೆ.

ಆದರೆ ಅನ್ನಭೋಗದ ಬೆನ್ನಿಗೇ ಬರುವ ಪಾನೀಯಭೋಗದಲ್ಲಿ ಪ್ರಧಾನವಾದುದು ಮದ್ಯವಲ್ಲ, ನೀರು. ಯಾವ ನೀರು ಹಿತ, ಅದನ್ನು ಪುಷ್ಪಗಳಿಂದಲೂ ಸುಗಂಧದ್ರವ್ಯಗಳಿಂದಲೂ ಹೇಗೆ ವಾಸಿಸಬೇಕೆಂಬುದೇ ಅಲ್ಲಿನ ವಿಚಾರವು. ಮದಿರೆಯಾದರೋ ಐದನೆಯ ವಿಂಶತಿಯಲ್ಲಿ, ಕ್ರೀಡೆಗಳ ನಡುವೆ ಸ್ಥಾನವನ್ನು ಪಡೆದಿದೆ. ಎಂದರೆ, ಚರಕನ ಕಾಲದಲ್ಲಿ ಊಟದ ಸೇವಕನಾಗಿದ್ದ ಮದ್ಯವು ಕಲ್ಯಾಣದ ಅರಮನೆಯಲ್ಲಿ ಊಟವನ್ನು ಬಿಟ್ಟು ವಿನೋದವನ್ನು ಸೇರಿತು. ಅನುಪಾನವು ಹೋಗಿ ಉಪದಂಶವು ನಿಂತಿತು. ಕನ್ನಡ ಚಂಪೂಕವಿಗಳು ಅಷ್ಟಾದಶವರ್ಣನೆಗಳಲ್ಲಿ ಒಂದಾಗಿ ಮಧುಪಾನವನ್ನು ವರ್ಣಿಸುವುದೂ, ಪಂಪನು ವೇಶ್ಯಾವಾಟದಲ್ಲಿ ಕಳ್ಗುಡಿಯುವವರನ್ನು ಚಿತ್ರಿಸುವುದೂ ಈ ವಿಭಾಗಕ್ಕೆ ಹೊಂದುತ್ತದೆ. ಅಲ್ಲಿ ಪಾನಗೋಷ್ಠಿಯಿದೆ, ಭೋಜನದ ಪಙ್ಕ್ತಿಯಿಲ್ಲ.

೬

ಜೈನಾಚಾರವು ಇದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿತು. ಶ್ರಾವಕನು ಮೊಟ್ಟಮೊದಲು ಬಿಡಬೇಕಾದವು ಮದ್ಯ, ಮಾಂಸ, ಮಧುಗಳು. ಇಲ್ಲಿ ಮಧುವೆಂದರೆ ಜೇನು. ಚರಕನ ಹೇಮಂತದ ಎಲೆಯಲ್ಲಿದ್ದ ಮುಖ್ಯದ್ರವ್ಯಗಳಾದ ಮಾಂಸ, ಮದ್ಯಗಳೆರಡೂ ಇದರಿಂದ ಹೊರಟುಹೋಗುವುವು. ಹಾಗೆಂದು ಶೀತವು ಕಡಮೆಯಾಗುವುದೇ? ಅಗ್ನಿಯು ಸೌದೆಯನ್ನು ಕೇಳುವುದನ್ನು ಬಿಡುವುದೇ? ತೆರವಾದ ಆ ಸ್ಥಾನವನ್ನು ತುಂಬಿದವು ಒಂದು ಕಡೆ ಹಾಲು, ತುಪ್ಪ, ಬೆಲ್ಲಗಳು, ಇನ್ನೊಂದು ಕಡೆ ತೋಟ.

ಚರಕದ ಹೇಮಂತಚರ್ಯೆಯಲ್ಲಿ ಕಾಯಿಪಲ್ಯದ ಹೆಸರೇ ಇಲ್ಲವೆಂಬುದನ್ನು ವಾಚಕರು ನೆನೆಯಬೇಕು. ಕನ್ನಡದಲ್ಲಾದರೋ, ಕ್ರಿ. ಶ. ೧೦೨೫ರಲ್ಲಿ ಇಮ್ಮಡಿ ಚಾವುಂಡರಾಯನು ಬರೆದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದವೂ ಸೂಪಶಾಸ್ತ್ರವೂ ಒಂದೇ ಗ್ರಂಥದ ಎರಡು ಅಧ್ಯಾಯಗಳಾಗಿ ಸೇರಿವೆ. ಗಿಡವನ್ನು ಬೆಳೆಸುವ ವಿದ್ಯೆ, ಅದರ ಫಲವನ್ನು ಬೇಯಿಸುವ ವಿದ್ಯೆ ಎರಡೂ ಒಬ್ಬ ಗೃಹಸ್ಥನಿಗೆ ಬೇಕೆಂಬುದು ಇದರ ತಾತ್ಪರ್ಯವು. ಹದಿನಾರನೆಯ ಶತಮಾನದ ಆದಿಯಲ್ಲಿ ಕಲ್ಲಹಳ್ಳಿಯ ಪ್ರಭುವಂಶದ ಜೈನಕವಿ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಷಟ್ಪದಿಯಲ್ಲಿ ರಚಿಸಿದನು. ಅದರಲ್ಲಿ ಪಾನಕಗಳಿಗೆ ಪ್ರತ್ಯೇಕ ಪ್ರಕರಣವಿದೆ. ಬದನೆಕಾಯಿಯ ಪಾಕಗಳಿಗೆ ಪ್ರತ್ಯೇಕ ಪ್ರಕರಣವಿದೆ. ಬಾಳೆ, ಹಲಸು, ಕಳಲೆ, ನೆಲ್ಲಿಗಳಿಗೂ ಸ್ಥಾನವಿದೆ. ಕಟ್ಟುನಿಟ್ಟಾದ ಜೈನರು ಬದನೆಯನ್ನೂ ಬಿಡುವರು, ಮಂಗರಸನು ಬಿಡಲಿಲ್ಲ. ಬಿಡಬೇಕಾದುದನ್ನು ಬಿಟ್ಟಮೇಲೆ ಉಳಿದುದರಲ್ಲಿ ಊಟವು ಬಡವಾಗಬಾರದೆಂಬ ರಸಿಕತೆಯು ಅವನದು.

೭

ಚಳಿಗಾಲದ ತೋಟದ ಎರಡು ಪದಾರ್ಥಗಳಿಂದ ಈ ನಿಯಮವು ಹೇಗೆ ಉಳಿದುಬಂದಿತೆಂಬುದನ್ನು ನೋಡಬಹುದು. ಎಳೆಯ ಮೂಲಂಗಿಯು ದೋಷಹರ, ಬಲಿತುದು ತ್ರಿದೋಷಕರ, ಸ್ನೇಹದಲ್ಲಿ ಪಕ್ವವಾದುದು ವಾತಹರವೆಂದು ಚರಕದ ಹರಿತವರ್ಗವು ಹೇಳುತ್ತದೆ. ಎಳೆಯದನ್ನು ಹಸಿಯಾಗಿ ಕೋಸಂಬರಿಗೂ ಬಲಿತುದನ್ನು ಒಗ್ಗರಣೆಯ ಹುಳಿಗೂ ಹಾಕುವ ಗೃಹಿಣಿಯು ಆ ಗ್ರಂಥವನ್ನು ಓದಿದವಳಲ್ಲ. ಅವರೆಯು ರೂಕ್ಷ, ಕಷಾಯ, ವಾತವನ್ನು ಕೆರಳಿಸತಕ್ಕದ್ದು ಎಂಬುದು ವೈದ್ಯರ ಮತ. ಆದರೂ ಮೈಸೂರು ಸೀಮೆಯಲ್ಲಿ ಮಾರ್ಗಶಿರ ಪುಷ್ಯಗಳೆಂದರೆ ಅವರೆಯೇ. ಅದಕ್ಕೆ ಪರಿಹಾರವೂ ಅಡುಗೆಮನೆಯಲ್ಲಿಯೇ ಇದೆ. ಕಾಳನ್ನು ನೆನೆಯಿಸಿ ಹಿತುಕಿ ಸಿಪ್ಪೆಯನ್ನು ತೆಗೆಯುವರು. ಶುಂಠಿ, ಮೆಣಸು, ಇಂಗು, ಕೊಬ್ಬರಿಗಳನ್ನು ಕೂಡಿಸುವರು. ಬಡಿಸುವಾಗ ತುಪ್ಪವನ್ನು ಹಾಕುವರು. ರೂಕ್ಷಕ್ಕೆ ಸ್ನೇಹ, ವಾತಕ್ಕೆ ಉಷ್ಣ. ಅನುಪಾನಕ್ಕೆ ಬಿಸಿಯಾದ ಸಾರು, ಕೊನೆಗೆ ಒಗ್ಗರಣೆಯ ಮಜ್ಜಿಗೆ. ಅನ್ನದ ಗುಣಕ್ಕೆ ಪ್ರತಿಯಾದ ಗುಣವುಳ್ಳದ್ದು, ಆದರೆ ಧಾತುಗಳಿಗೆ ವಿರೋಧಿಯಲ್ಲದ್ದು ಅನುಪಾನವಾಗಬೇಕೆಂಬ ಚರಕಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ದೊರೆಯದು. ಸಂಕ್ರಾಂತಿಯ ಎಳ್ಳು, ಬೆಲ್ಲ, ಕೊಬ್ಬರಿ, ಕಬ್ಬುಗಳೂ ಹೇಮಂತಚರ್ಯೆಯ ಸ್ನೇಹ ಮತ್ತು ಇಕ್ಷುವಿಕಾರಗಳೇ.

ಇಂದಿನ ಚಳಿಗಾಲದ ತೋಟದಲ್ಲಿ ಕಾಣುವ ಆಲೂಗೆಡ್ಡೆ, ಟೊಮೇಟೊ, ಹಸಿಮೆಣಸಿನಕಾಯಿಗಳು ಈ ಗ್ರಂಥಗಳಿಗೆ ಅಪರಿಚಿತವು. ಅಮೆರಿಕಾ ಖಂಡದಿಂದ ಪೋರ್ಚುಗೀಸರೇ ಮೊದಲಾದವರ ಮೂಲಕ ಹದಿನಾರನೆಯ ಶತಮಾನದಿಂದೀಚೆಗೆ ಬಂದವು. ಆದರೂ ಅವು ಬಂದು ಸೇರಿದ್ದು ಹಳೆಯ ನಿಯಮದ ಒಳಕ್ಕೇ. ಮೆಣಸಿನ ಕೆಲಸವನ್ನು ಮೆಣಸಿನಕಾಯಿಯು ವಹಿಸಿತು, ಅಷ್ಟೆ.

೮

ಮೇಲಿನ ವಿಚಾರದಿಂದ ಸಿದ್ಧಿಸುವುದೇನೆಂದರೆ: ಹೇಮಂತದ ಊಟಕ್ಕೆ ಮದ್ಯವನ್ನು ಹೊಂದಿಸುವ ಕ್ರಮವು ಈ ದೇಶದಲ್ಲಿ ನಿಶ್ಚಯವಾಗಿ ಇದ್ದಿತು, ಅದನ್ನು ಮರೆಮಾಡುವುದಕ್ಕಾಗಿ ಶಬ್ದಗಳ ಅರ್ಥವನ್ನು ತಿರುಗಿಸುವುದು ಪಾಂಡಿತ್ಯವಲ್ಲ. ಅದನ್ನು ಊಟದಿಂದ ಬೇರ್ಪಡಿಸಿದವರೂ ಬಿಟ್ಟವರೂ ಈ ದೇಶದವರೇ. ಆ ತ್ಯಾಗವನ್ನು ಅಜ್ಞಾನವೆಂದು ನಗುವುದು ಚರಿತ್ರೆಯಲ್ಲ. ಪಡೆದವರು, ಬಿಟ್ಟವರು ಇಬ್ಬರೂ ಕಾಪಾಡಿದ್ದು ಋತುವಿನ ನಿಯಮವನ್ನು. ಸೂಪಶಾಸ್ತ್ರಗ್ರಂಥಗಳನ್ನು ಶೋಧಿಸುವವರು ಅವುಗಳನ್ನು ಕೇವಲ ಕಾವ್ಯವೆಂದು ಓದದೆ ವೈದ್ಯಗ್ರಂಥಗಳ ಋತುಚರ್ಯೆಯೊಡನೆ ಸೇರಿಸಿ ಓದುವುದಾದರೆ, ಗ್ರಂಥದಲ್ಲಿ ಅಳಿಸಿಹೋದ ಎಷ್ಟೋ ಅಕ್ಷರಗಳನ್ನು ನಮ್ಮ ಅಡುಗೆಮನೆಗಳೇ ತುಂಬಿಕೊಡುವುವು. ಎಲ್ಲ ತರಕಾರಿಯೂ ಎಲ್ಲ ತಿಂಗಳಲ್ಲಿಯೂ ದೊರೆಯುವ ಈ ಕಾಲದಲ್ಲಿ ಆ ಸಾಕ್ಷಿಯು ಬೇಗ ಮಾಸುತ್ತಿರುವುದರಿಂದ, ಈ ಕೆಲಸವನ್ನು ಮುಂದಕ್ಕೆ ಹಾಕುವುದು ಯುಕ್ತವಲ್ಲ.