ಓದುಗರ ಮುಂಗಡ: ವೈಜ್ಞಾನಿಕ ಕಾದಂಬರಿ ಮತ್ತು ವಂತಿಗೆಯ ಪ್ರಕಟಣೆ

ಪ್ರಕಾಶಕರ ಮುಂಗಡವಿಲ್ಲದೆ ಕಾದಂಬರಿ ಬರೆಯುವವರಿಗೆ ಎರಡು ಬಗೆಯ ಹಣ ಬೇಕಾಗುತ್ತದೆ. ಒಂದು, ಹಸ್ತಪ್ರತಿ ಪುಸ್ತಕವಾಗುವ ಖರ್ಚು: ಸಂಪಾದನೆ, ಕರಡು ತಿದ್ದುವಿಕೆ, ಪುಟವಿನ್ಯಾಸ, ಮುಖಪುಟ, ಮುದ್ರಣ, ಅಂಚೆ. ಇನ್ನೊಂದು, ಹಸ್ತಪ್ರತಿ ಮುಗಿಯುವವರೆಗಿನ ಜೀವನದ ಖರ್ಚು: ಮನೆ ಬಾಡಿಗೆ, ದಿನಸಿ, ವಿಮೆ. ಮೊದಲನೆಯದಕ್ಕೆ ಬಿಲ್ಲು ತೋರಿಸಬಹುದು. ಎರಡನೆಯದನ್ನು ಬಾಯಿಬಿಟ್ಟು ಕೇಳಲು ಲೇಖಕರಿಗೆ ಸಂಕೋಚ. ಆದರೆ ಅಮೆರಿಕದ ಇಂಗ್ಲಿಷ್ ವೈಜ್ಞಾನಿಕ ಕಾದಂಬರಿ ಕ್ಷೇತ್ರದಲ್ಲಿ 2000ದ ನಂತರ ನಡೆದ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಸ್ವತಂತ್ರ ಲೇಖಕರ ಬದುಕನ್ನು ಬದಲಿಸಿದ್ದು ಈ ಎರಡನೆಯ ಬಗೆಯ ಹಣವೇ ಎಂಬುದು ಕಾಣುತ್ತದೆ. ಓದುಗರು ಅಲ್ಲಿ ಕೊಂಡದ್ದು ಪುಸ್ತಕವನ್ನು ಮಾತ್ರವಲ್ಲ, ಬರೆಯುವ ಬಿಡುವನ್ನು.

ಓದುಗರಿಂದ ಮುಂಚಿತವಾಗಿ ಹಣ ಪಡೆಯುವ ಪದ್ಧತಿ ಹೊಸದಲ್ಲ. ಅಲೆಕ್ಸಾಂಡರ್ ಪೋಪ್ ಹೋಮರನ ಇಲಿಯಡ್ಡನ್ನು ಇಂಗ್ಲಿಷಿಗೆ ತಂದದ್ದು 1715ರಿಂದ 1720ರವರೆಗೆ ಹೊರಬಂದ ಆರು ಸಂಪುಟಗಳಲ್ಲಿ. ಸಂಪುಟಕ್ಕೆ ಒಂದು ಗಿನಿಯಂತೆ ಚಂದಾದಾರರು ಕೊಟ್ಟ ಹಣ ಅವನನ್ನು ಆಶ್ರಯದಾತರ ಹಂಗಿನಿಂದ ಬಿಡಿಸಿತು. ಕನ್ನಡಕ್ಕೂ ಈ ದಾರಿ ಪರಿಚಿತ. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ಸುತ್ತಿ ಮಾರಿದರು. ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ನಿಂತದ್ದು ಚಂದಾದಾರರ ಮೇಲೆ: ಓದುಗರು ಮೊದಲೇ ಚಂದಾ ಕಟ್ಟುವುದು, ಮಾಲೆಯ ಪುಸ್ತಕಗಳು ಬಂದಂತೆ ಪಡೆಯುವುದು. ಮಾಲೆಯ ಕಚೇರಿಯಾದ ಧಾರವಾಡದ ‘ಅಟ್ಟ’ದಿಂದ ಹೊರಬಂದ ಗಿರೀಶ ಕಾರ್ನಾಡರ ‘ಯಯಾತಿ’ ಆಗ ಹೆಸರಿಲ್ಲದ ತರುಣನೊಬ್ಬನ ಮೊದಲ ನಾಟಕ. ಯಾವ ಪುಸ್ತಕ ಬರುತ್ತದೆಂದು ತಿಳಿಯದೆ ಚಂದಾ ಕೊಟ್ಟವರ ನಂಬಿಕೆ ಇಂಥ ಪ್ರಕಟಣೆಗಳ ಬೆನ್ನಿಗಿತ್ತು. ಅಂತರಜಾಲ ಬಂದ ಮೇಲೆ ಬದಲಾದದ್ದು ಈ ನಂಬಿಕೆಯ ಸ್ವರೂಪವಲ್ಲ. ಅದನ್ನು ಕೂಡಿಸುವ ವೇಗ ಮತ್ತು ದೂರ.

1999ರಲ್ಲಿ ಜಾನ್ ಕೆಲ್ಸಿ ಮತ್ತು ಬ್ರೂಸ್ ಶ್ನೇಯರ್ ಎಂಬ ಇಬ್ಬರು ಗೂಢಲಿಪಿ ತಜ್ಞರು ‘ಬೀದಿ ಕಲಾವಿದರ ಒಡಂಬಡಿಕೆ’ ಎಂಬ ವ್ಯವಸ್ಥೆಯನ್ನು ಮುಂದಿಟ್ಟರು. ಡಿಜಿಟಲ್ ಕೃತಿಯ ನಕಲನ್ನು ತಡೆಯುವುದು ಆಗದ ಮಾತಾದ್ದರಿಂದ, ಕೃತಿ ಹೊರಬರುವ ಮುಂಚೆಯೇ ಲೇಖಕರಿಗೆ ಹಣ ಸೇರಬೇಕು ಎಂಬುದು ಅವರ ವಾದ. ಲೇಖಕರು ಒಂದು ಮೊತ್ತವನ್ನೂ ಗಡುವನ್ನೂ ಘೋಷಿಸುತ್ತಾರೆ. ಓದುಗರ ಹಣ ಮಧ್ಯಸ್ಥರ ಬಳಿ ಇರುತ್ತದೆ. ಮುಂದಿನ ಭಾಗ ಪ್ರಕಟವಾದರೆ ಅದು ಲೇಖಕರಿಗೆ, ಇಲ್ಲವಾದರೆ ಕೊಟ್ಟವರಿಗೇ ವಾಪಸು. ಮರುವರ್ಷ ಸ್ಟೀಫನ್ ಕಿಂಗ್ ಇದಕ್ಕಿಂತ ಸಡಿಲವಾದ ಕ್ರಮದಲ್ಲಿ ‘ದ ಪ್ಲಾಂಟ್’ ಎಂಬ ಧಾರಾವಾಹಿಯನ್ನು ತಮ್ಮದೇ ಜಾಲತಾಣದಲ್ಲಿ ಶುರುಮಾಡಿದರು. ಮೊದಲ ಕಂತುಗಳಿಗೆ ತಲಾ ಒಂದು ಡಾಲರ್, ಇಳಿಸಿಕೊಂಡವರಲ್ಲಿ ಶೇ. 75 ಮಂದಿಯಾದರೂ ಹಣ ಕೊಟ್ಟರೆ ಮಾತ್ರ ಕತೆ ಮುಂದುವರಿಯುತ್ತದೆ ಎಂಬ ಷರತ್ತು. ಆರು ಕಂತುಗಳ ನಂತರ, 2000ದ ಕೊನೆಗೆ, ಕತೆ ನಿಂತಿತು. ಇಂದಿಗೂ ಅದು ಅಪೂರ್ಣ. ಜಗತ್ತಿನ ಅತಿ ಜನಪ್ರಿಯ ಲೇಖಕರೊಬ್ಬರಿಗೆ ಕೈಗೂಡದ್ದು, ಪ್ರಕಾಶಕರು ಕೈಬಿಟ್ಟಿದ್ದ ದಂಪತಿಗೆ ಕೈಗೂಡಿತು ಎಂಬುದು ಈ ಇತಿಹಾಸದ ಮುಖ್ಯ ತಿರುವು.

ಆ ದಂಪತಿ ಅಮೆರಿಕದ ಮೇನ್ ರಾಜ್ಯದಲ್ಲಿ ನೆಲೆಸಿದ್ದ ಶರಾನ್ ಲೀ ಮತ್ತು ಸ್ಟೀವ್ ಮಿಲ್ಲರ್. ವ್ಯಾಪಾರಿ ಮನೆತನಗಳು, ಅಂತರಿಕ್ಷ ನೌಕೆಗಳು, ಕುಲಗೌರವ, ಮದುವೆ ಮಾತುಕತೆಗಳು ತುಂಬಿದ ಅವರ ‘ಲಿಯಾಡನ್’ ಲೋಕದ ಮೊದಲ ಕಾದಂಬರಿ 1988ರಲ್ಲಿ ಬಂತು. ಮೂರು ಪುಸ್ತಕಗಳಾದ ಮೇಲೆ ಮಾರಾಟ ಸಾಲದೆಂದು ಪ್ರಕಾಶಕರು ಸರಣಿಯನ್ನು ನಿಲ್ಲಿಸಿದರು. ಓದುಗರು ಉಳಿದುಕೊಂಡಿದ್ದಾರೆ, ಮುಂದಿನ ಕತೆಗೆ ಕಾಯುತ್ತಿದ್ದಾರೆ ಎಂಬ ಸಂಗತಿ ಲೇಖಕರಿಗೆ ಗೊತ್ತಾದದ್ದು ವರ್ಷಗಳ ನಂತರ, ಅಂತರಜಾಲದ ಚರ್ಚಾಗುಂಪುಗಳ ಮೂಲಕ. 1999ರಿಂದ ಮೀಷಾ ಮರ್ಲಿನ್ ಎಂಬ ಸಣ್ಣ ಪ್ರಕಾಶನ ಸರಣಿಯನ್ನು ಮತ್ತೆ ಎತ್ತಿಕೊಂಡಿತು. 2007ರಲ್ಲಿ ಆ ಪ್ರಕಾಶನವೂ ಮುಚ್ಚಿತು.

ಅದೇ 2007ರಲ್ಲಿ ಲೀ ಮತ್ತು ಮಿಲ್ಲರ್ ‘ಫ್ಲೆಜ್ಲಿಂಗ್’ ಕಾದಂಬರಿಯನ್ನು ನೇರವಾಗಿ ಓದುಗರ ಮುಂದಿಟ್ಟರು. ಏರ್ಪಾಡು ಬಹಳ ಸರಳ. ವಂತಿಗೆಯ ಮೊತ್ತ 300 ಡಾಲರ್ ಮುಟ್ಟಿದಾಗಲೆಲ್ಲ ಒಂದು ಅಧ್ಯಾಯಕ್ಕೆ ಹಣ ಸಂದಂತೆ. ವಾರಕ್ಕೊಂದು ಅಧ್ಯಾಯ ಜಾಲತಾಣದಲ್ಲಿ ಪ್ರಕಟ. ಓದಲು ಯಾರೂ ಹಣ ಕೊಡಬೇಕಾಗಿಲ್ಲ; ಒಬ್ಬರು ಕೊಟ್ಟದ್ದರಿಂದ ಎಲ್ಲರಿಗೂ ಅಧ್ಯಾಯ ಸಿಗುತ್ತದೆ. 25 ಡಾಲರ್ ಅಥವಾ ಹೆಚ್ಚು ಕೊಟ್ಟವರಿಗೆ, ಮುಂದೆ ಪುಸ್ತಕ ಅಚ್ಚಾದರೆ, ಒಂದು ಪ್ರತಿ. ಪ್ರಕಟವಾಗುತ್ತಿದ್ದದ್ದು ಮೊದಲ ಕರಡು ಎಂದು ಲೇಖಕರು ತೆರೆದೇ ಹೇಳಿದ್ದರು. ಕಿಂಗ್ ಅವರ ಷರತ್ತಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಅಲ್ಲಿ ಹಣ ಕೊಡದವರ ಪ್ರಮಾಣವನ್ನು ಎಣಿಸಲಾಯಿತು. ಇಲ್ಲಿ ಬಂದ ಹಣವನ್ನು ಮಾತ್ರ. ಅಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಜನ ಬಿಟ್ಟಿ ಓದಿದರೆ ಕತೆಗೇ ಅಪಾಯ. ಇಲ್ಲಿ ಬಿಟ್ಟಿ ಓದುವವರು ಮುಂದಿನ ವಂತಿಗೆದಾರರಾಗಬಹುದಾದ ನೆಂಟರು. ‘ಫ್ಲೆಜ್ಲಿಂಗ್’ ಪೂರ್ಣಗೊಂಡಿತು, ಅದರ ಮುಂದಿನ ಭಾಗ ‘ಸಾಲ್ಟೇಷನ್’ ಸಹ ಇದೇ ರೀತಿ ಬಂತು, ಬೇನ್ ಪ್ರಕಾಶನ ಅವೆರಡನ್ನೂ 2009 ಮತ್ತು 2010ರಲ್ಲಿ ಅಚ್ಚುಹಾಕಿತು. ಆಗಲೇ ಬಿಟ್ಟಿಯಾಗಿ ಓದಿಸಿದ್ದ ಕಾದಂಬರಿಯನ್ನು ಪ್ರಕಾಶಕರು ಕೊಂಡರೆಂಬುದು ಸಣ್ಣ ಸಂಗತಿಯಲ್ಲ: ವಂತಿಗೆಯ ಪಟ್ಟಿಯೇ ಅವರಿಗೆ ಮಾರುಕಟ್ಟೆಯ ಸಾಕ್ಷಿಯಾಗಿತ್ತು.

ಇಂಥ ಬೆಂಬಲಕ್ಕೆ ವೈಜ್ಞಾನಿಕ ಕಾದಂಬರಿ ಹದವಾದ ನೆಲವಾದದ್ದಕ್ಕೆ ಕಾರಣ ಆ ಪ್ರಕಾರದ ಚರಿತ್ರೆಯಲ್ಲೇ ಇದೆ. ಹ್ಯೂಗೋ ಗರ್ನ್ಸ್‌ಬ್ಯಾಕ್ 1926ರಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆಯನ್ನು ಹೊರತಂದಾಗ ಓದುಗರ ಪತ್ರಗಳನ್ನು ವಿಳಾಸ ಸಮೇತ ಅಚ್ಚುಹಾಕುವ ರೂಢಿ ಬೆಳೆಯಿತು. ಒಬ್ಬರಿಗೊಬ್ಬರು ಕಾಗದ ಬರೆದುಕೊಂಡ ಆ ಓದುಗರು ಸಂಘ ಕಟ್ಟಿದರು, ಸೈಕ್ಲೋಸ್ಟೈಲ್ ಪತ್ರಿಕೆ ನಡೆಸಿದರು, 1939ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ಸಮಾವೇಶ ಸೇರಿಸಿದರು. ಈ ಪ್ರಕಾರದ ದೊಡ್ಡ ಪ್ರಶಸ್ತಿಯಾದ ಹ್ಯೂಗೋವನ್ನು ತೀರ್ಮಾನಿಸುವುದು ಪಂಡಿತರ ಸಮಿತಿಯಲ್ಲ, ಶುಲ್ಕ ಕೊಟ್ಟು ಸಮಾವೇಶದ ಸದಸ್ಯರಾದ ಓದುಗರ ಮತ. ಓದುವುದಕ್ಕೂ ಭಾಗವಹಿಸುವುದಕ್ಕೂ ನಡುವಿನ ಗೋಡೆ ಇಲ್ಲಿ ಮೊದಲಿನಿಂದಲೂ ತೆಳು. ಜೊತೆಗೆ ಲೋಕನಿರ್ಮಾಣದ ಸರಣಿಗಳು ಓದುಗರಲ್ಲಿ ದೀರ್ಘಕಾಲದ ನೆನಪನ್ನು ಬೇಡುತ್ತವೆ. ಒಂದು ಗ್ರಹದ ಭಾಷೆ, ಕಾನೂನು, ವಂಶಾವಳಿಗಳನ್ನು ಮನಸ್ಸಿನಲ್ಲಿ ಹೊತ್ತವರು ಆ ಲೋಕ ನಡುವೆ ನಿಂತುಹೋಗುವುದನ್ನು ಸಹಿಸುವುದಿಲ್ಲ.

2009ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಕಿಕ್‌ಸ್ಟಾರ್ಟರ್ ಎಂಬ ವಂತಿಗೆ ಸಂಗ್ರಹದ ಜಾಲತಾಣ ಈ ಚೆದುರಿದ ಪ್ರಯೋಗಗಳಿಗೆ ಸಿದ್ಧ ಚೌಕಟ್ಟು ಒದಗಿಸಿತು. ಗುರಿ ಮುಟ್ಟಿದರೆ ಪೂರ್ತಿ ಹಣ, ಮುಟ್ಟದಿದ್ದರೆ ಏನೂ ಇಲ್ಲ. ಗೆದ್ದ ಮೊತ್ತದಲ್ಲಿ ಶೇ. 5 ಸಂಸ್ಥೆಗೆ, ಅದರ ಮೇಲೆ ಹಣ ಪಾವತಿಯ ಶುಲ್ಕ ಬೇರೆ. ಈ ಚೌಕಟ್ಟಿನಲ್ಲಿ ಬಂದ ವೈಜ್ಞಾನಿಕ ಕಾದಂಬರಿಗಳಲ್ಲಿ ಹೆಚ್ಚು ಕಲಿಸುವಂಥದ್ದು ಬೆಕಿ ಚೇಂಬರ್ಸ್ ಅವರ ‘ದ ಲಾಂಗ್ ವೇ ಟು ಅ ಸ್ಮಾಲ್, ಆಂಗ್ರಿ ಪ್ಲಾನೆಟ್’. ಚೇಂಬರ್ಸ್ ಆಗ ಹೆಸರು ಮಾಡಿದ ಲೇಖಕಿಯಲ್ಲ. ಹೊಟ್ಟೆಪಾಡಿಗೆ ಬಿಡಿ ಬರವಣಿಗೆಯ ಕೆಲಸಗಳನ್ನು ಹಿಡಿಯುತ್ತಿದ್ದವರು. ಅರ್ಧಕ್ಕೆ ನಿಂತಿದ್ದ ಕಾದಂಬರಿ ಮುಗಿಸಲು ಎರಡು ತಿಂಗಳ ಬಿಡುವು ಬೇಕಿತ್ತು. 2012ರಲ್ಲಿ ಅವರು ಕೇಳಿದ್ದು ಸುಮಾರು ಎರಡೂವರೆ ಸಾವಿರ ಡಾಲರ್. ಕೊಟ್ಟವರು ಒಂದು ಸಣ್ಣ ಗುಂಪು, ಬಂದ ಹಣ ಗುರಿಗಿಂತ ತುಸು ಹೆಚ್ಚು. ಮುದ್ರಣದ ಭವ್ಯ ಯೋಜನೆ, ಚರ್ಮದ ಹೊದಿಕೆ, ನಕ್ಷೆಗಳ ಆಮಿಷ ಯಾವುದೂ ಅದರ ತಿರುಳಲ್ಲ. ಕೇಳಿದ್ದು ಸಮಯ, ಅದಕ್ಕೆ ಕಟ್ಟಿದ್ದು ಒಂದು ಸಾಧಾರಣ ಬೆಲೆ.

‘ವೇಫೇರರ್’ ಎಂಬ ಸುರಂಗ ಕೊರೆಯುವ ನೌಕೆಯ ಸಿಬ್ಬಂದಿಯ ಕತೆಯಾದ ಆ ಕಾದಂಬರಿಯನ್ನು ಚೇಂಬರ್ಸ್ 2014ರಲ್ಲಿ ಸ್ವಂತವಾಗಿ ಪ್ರಕಟಿಸಿದರು. ಬ್ರಿಟನ್ನಿನ ಕಿಟ್ಶೀಸ್ ಪ್ರಶಸ್ತಿಯ ಚೊಚ್ಚಲ ಕೃತಿಗಳ ಅಂತಿಮ ಪಟ್ಟಿಯಲ್ಲಿ ಅದು ಸೇರಿತು. ಹಾಡರ್ ಅಂಡ್ ಸ್ಟೌಟನ್ ಅದನ್ನು ಮತ್ತೆ ಪ್ರಕಟಿಸಿತು. 2019ರಲ್ಲಿ ‘ವೇಫೇರರ್ಸ್’ ಸರಣಿಗೆ ಹ್ಯೂಗೋ ಪ್ರಶಸ್ತಿ ಬಂತು. ದೊಡ್ಡ ಯುದ್ಧವಿಲ್ಲದ, ಖಳನಾಯಕನಿಲ್ಲದ, ಊಟದ ಮೇಜಿನ ಸುತ್ತಲಿನ ಮಾತುಕತೆಯಲ್ಲೇ ಬೆಳೆಯುವ ಅಂತರಿಕ್ಷ ಕಾದಂಬರಿಗೆ ಓದುಗರಿದ್ದಾರೆ ಎಂಬ ಭರವಸೆ ಅಂದಿನ ಮಾರುಕಟ್ಟೆಯ ಲೆಕ್ಕದಲ್ಲಿ ಸುಲಭಕ್ಕೆ ಹುಟ್ಟುವಂಥದ್ದಲ್ಲ. ಓದುಗರ ವಂತಿಗೆಯಿಂದ ಸಾಹಿತ್ಯಕ್ಕೆ ನಿಜವಾದ ಲಾಭ ಇರುವುದು ಇಲ್ಲಿ. ಪ್ರಕಾಶಕರು ಸಾವಿರಾರು ಪ್ರತಿಗಳ ಭರವಸೆ ಕೇಳುವ ಕಡೆ, ಬೆರಳೆಣಿಕೆಯ ಓದುಗರು ಒಂದು ಹೊಸ ದನಿಗೆ ಎರಡು ತಿಂಗಳು ಕೊಡಬಲ್ಲರು.

ಒಮ್ಮೆ ಕೊಡುವ ವಂತಿಗೆಯ ಬದಲು ತಿಂಗಳು ತಿಂಗಳು ಕೊಡುವ ವ್ಯವಸ್ಥೆಯನ್ನು 2013ರಲ್ಲಿ ಶುರುವಾದ ಪೇಟ್ರಿಯಾನ್ ತಂದಿತು. ಎನ್.ಕೆ. ಜೆಮಿಸಿನ್ 2016ರಲ್ಲಿ ಅಲ್ಲಿ ಖಾತೆ ತೆರೆದಾಗ ಅವರು ಸ್ವತಂತ್ರ ಲೇಖಕಿಯಾಗಿರಲಿಲ್ಲ. ‘ದ ಫಿಫ್ತ್ ಸೀಸನ್’ ಹಿಂದಿನ ವರ್ಷವೇ ಹೆಸರಾಂತ ಪ್ರಕಾಶನದಿಂದ ಬಂದಿತ್ತು. ಆದರೂ ಮುಂಗಡ ಮತ್ತು ಗೌರವಧನ ನೆಚ್ಚಿಕೊಂಡು ನೌಕರಿ ಬಿಡುವ ಸ್ಥಿತಿ ಇರಲಿಲ್ಲ. ಅಮೆರಿಕದಲ್ಲಿ ನೌಕರಿಯ ಜೊತೆಗೆ ಆರೋಗ್ಯ ವಿಮೆಯೂ ಹೋಗುತ್ತದೆ. ಓದುಗರ ಮಾಸಿಕ ವಂತಿಗೆಯ ಆಸರೆಯಿಂದ ಅವರು ಕೆಲಸ ಬಿಟ್ಟು ಪೂರ್ಣಾವಧಿ ಬರೆಯತೊಡಗಿದರು. ‘ದ ಫಿಫ್ತ್ ಸೀಸನ್’ ಮೊದಲ್ಗೊಂಡ ತ್ರಿವಳಿಯ ಮೂರೂ ಕಾದಂಬರಿಗಳು 2016, 2017, 2018ರಲ್ಲಿ ಸತತವಾಗಿ ಹ್ಯೂಗೋ ಪಡೆದವು; ಅದಕ್ಕೆ ಮುಂಚೆ ಯಾರೂ ಮೂರು ವರ್ಷ ಬಿಡದೆ ಉತ್ತಮ ಕಾದಂಬರಿಯ ಹ್ಯೂಗೋ ಗೆದ್ದಿರಲಿಲ್ಲ. ವಂತಿಗೆ ಪ್ರತಿಭೆಯನ್ನು ಸೃಷ್ಟಿಸಲಿಲ್ಲ, ಅದರ ದಿನದ ಎಂಟು ಗಂಟೆಗಳನ್ನು ಬಿಡಿಸಿಕೊಟ್ಟಿತು.

ಈ ಕ್ಷೇತ್ರದ ಮಾತು ಬಂದಾಗಲೆಲ್ಲ ಉದಾಹರಣೆಯಾಗಿ ಬರುವ ಹೆಸರು ಬ್ರ್ಯಾಂಡನ್ ಸ್ಯಾಂಡರ್ಸನ್. 2022ರ ಮಾರ್ಚ್ ತಿಂಗಳಲ್ಲಿ ನಾಲ್ಕು ಕಾದಂಬರಿಗಳಿಗಾಗಿ ಅವರು ಕಿಕ್‌ಸ್ಟಾರ್ಟರಿನಲ್ಲಿ ಕೂಡಿಸಿದ ಮೊತ್ತ 4.1 ಕೋಟಿ ಡಾಲರಿಗೂ ಹೆಚ್ಚು, ವಂತಿಗೆದಾರರು 1,85,000ಕ್ಕೂ ಹೆಚ್ಚು. ಸಂಖ್ಯೆ ಬೆರಗು ಹುಟ್ಟಿಸುವಂಥದ್ದು. ಆದರೆ ಆ ಕಾದಂಬರಿಗಳು ಸಾಂಕ್ರಾಮಿಕದ ಕಾಲದಲ್ಲೇ ಬರೆದು ಮುಗಿದಿದ್ದವು; ಸ್ಯಾಂಡರ್ಸನ್ ಅವರಿಗೆ ಸ್ವಂತ ಕಂಪನಿ, ಸಿಬ್ಬಂದಿ, ಹಲವು ವರ್ಷಗಳ ಓದುಗರು ಇದ್ದರು. ಅದು ಮಧ್ಯವರ್ತಿಗಳನ್ನು ದಾಟಿದ ಮುಂಗಡ ಮಾರಾಟ. ಅದನ್ನು ನೋಡಿ ಚೊಚ್ಚಲ ಲೇಖಕರು ದೊಡ್ಡ ಗುರಿ ಇಟ್ಟುಕೊಳ್ಳುವುದು ಅವರಿಗೆ ಹಾನಿ. ಮೇಲೆ ಹೇಳಿದ ಅಧ್ಯಾಯಕ್ಕೆ 300 ಡಾಲರಿನ ಲೆಕ್ಕವೇ ಅವರಿಗೆ ಹತ್ತಿರದ ಅಳತೆ.

ವಂತಿಗೆಯ ವ್ಯವಸ್ಥೆ ಮುರಿದುಬೀಳುವ ಜಾಗಗಳೂ ಸ್ಪಷ್ಟವಾಗಿವೆ. ಬಹುಮಾನವಾಗಿ ಅಚ್ಚಿನ ಪ್ರತಿ, ಚಿತ್ರಪಟ, ಬಟ್ಟೆಚೀಲಗಳನ್ನು ಒಪ್ಪಿಕೊಂಡ ಲೇಖಕರು ಅವುಗಳನ್ನು ಕಟ್ಟಿ ಕಳಿಸುವ ಕೆಲಸದಲ್ಲೇ ಬರೆಯುವ ಸಮಯವನ್ನು ಕಳೆದುಕೊಳ್ಳುತ್ತಾರೆ. ಹಣ ಬಂದ ದಿನದ ಅಂಚೆದರ ಪುಸ್ತಕ ಹೊರಡುವ ದಿನಕ್ಕೆ ಏರಿರುತ್ತದೆ. ಇನ್ನೂ ದೊಡ್ಡ ಅಪಾಯ ಮಧ್ಯಸ್ಥರದು. ಬ್ರಿಟನ್ನಿನಲ್ಲಿ 2011ರಲ್ಲಿ ಶುರುವಾದ ಅನ್‌ಬೌಂಡ್ ಓದುಗರ ವಂತಿಗೆಯಿಂದಲೇ ಪುಸ್ತಕ ತರುತ್ತಿದ್ದ ಪ್ರಕಾಶನ. ಅದು ಪ್ರಕಟಿಸಿದ ಪಾಲ್ ಕಿಂಗ್ಸ್‌ನಾರ್ತ್ ಅವರ ‘ದ ವೇಕ್’ 2014ರಲ್ಲಿ ಬುಕರ್ ಪ್ರಶಸ್ತಿಯ ಮೊದಲ ಪಟ್ಟಿ ತಲುಪಿತ್ತು. 2025ರಲ್ಲಿ ಸಂಸ್ಥೆ ದಿವಾಳಿ ನಿರ್ವಹಣೆಗೆ ಒಳಗಾದಾಗ ಹಲವು ಲೇಖಕರ ಗೌರವಧನ ಬಾಕಿ ಉಳಿಯಿತು. ಹಣವನ್ನು ಪ್ರತ್ಯೇಕ ಖಾತೆಯಲ್ಲಿ ಮಧ್ಯಸ್ಥರು ಕಾಯಬೇಕು ಎಂಬ 1999ರ ಪ್ರಸ್ತಾವದ ಮಹತ್ವ ಇಂಥ ಹೊತ್ತಿನಲ್ಲಿ ಎದ್ದುಕಾಣುತ್ತದೆ.

ಕನ್ನಡದಲ್ಲಿ ವೈಜ್ಞಾನಿಕ ಕಾದಂಬರಿಯನ್ನು ಗಂಭೀರವಾಗಿ ಕೈಗೆತ್ತಿಕೊಂಡವರಲ್ಲಿ ರಾಜಶೇಖರ ಭೂಸನೂರಮಠರ ಹೆಸರು ಮುಂಚೂಣಿಯದು. ಈ ಪ್ರಕಾರಕ್ಕೆ ಇಲ್ಲಿ ಓದುಗರಿದ್ದರೂ ಅವರನ್ನು ಒಂದೆಡೆ ಸೇರಿಸುವ ಸಮಾವೇಶ, ಪತ್ರಿಕೆ, ಸಂಘಗಳ ಪರಂಪರೆ ಗಟ್ಟಿಯಾಗಿ ಬೆಳೆಯಲಿಲ್ಲ. ಭಾರತದಲ್ಲಿ ನೆಲೆಸಿದ ಲೇಖಕರು ಕಿಕ್‌ಸ್ಟಾರ್ಟರಿನಲ್ಲಿ ಯೋಜನೆ ಆರಂಭಿಸುವಂತಿಲ್ಲ. ಸಂಸ್ಥೆ ಒಪ್ಪುವ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ಇಲ್ಲಿನ ಸ್ವತಂತ್ರ ಲೇಖಕರ ಲೆಕ್ಕ ನಿಲ್ಲುವುದು ಪ್ರಕಟಣಪೂರ್ವ ರಿಯಾಯಿತಿ, ಬಿಡುಗಡೆ ಸಮಾರಂಭದ ಮಾರಾಟ ಮತ್ತು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಮೇಲೆ. ಈ ಮೂರೂ ಮುಗಿದ ಪುಸ್ತಕಕ್ಕೆ ಸಿಗುವ ಹಣ, ಬರೆಯುತ್ತಿರುವ ಪುಸ್ತಕಕ್ಕಲ್ಲ. ಡಿಜಿಟಲ್ ಮುದ್ರಣದಲ್ಲಿ ನೂರಿನ್ನೂರು ಪ್ರತಿ ತೆಗೆಯುವುದು ಈಗ ಸಾಧ್ಯವಿರುವುದರಿಂದ ಮುದ್ರಣದ ಹೊರೆ ಇಳಿದಿದೆ, ಯುಪಿಐ ಬಂದ ಮೇಲೆ ಐವತ್ತು ರೂಪಾಯಿಯ ವಂತಿಗೆಯನ್ನೂ ಖರ್ಚಿಲ್ಲದೆ ಪಡೆಯಬಹುದು. ಅಧ್ಯಾಯಕ್ಕೊಂದು ಮೊತ್ತ ಗೊತ್ತುಮಾಡಿ, ಬಂದ ಹಣದ ಲೆಕ್ಕವನ್ನು ವಾರವಾರ ಓದುಗರ ಮುಂದಿಟ್ಟು, ಅಧ್ಯಾಯವನ್ನು ಎಲ್ಲರಿಗೂ ತೆರೆದಿಡುವ ಲೀ ಮತ್ತು ಮಿಲ್ಲರ್ ಅವರ ಕ್ರಮಕ್ಕೆ ಬೇಕಾದ ಸಲಕರಣೆಗಳೆಲ್ಲ ಕನ್ನಡ ಲೇಖಕರ ಕೈಯಲ್ಲಿ ಈಗಾಗಲೇ ಇವೆ.